ಮನೆಗೆ ಬಾರದ ದನ, ನಾಯಿ, ಬೆಕ್ಕು: ಶಿರಸಿಯ ಬೆಟ್ಟದಿಂದ ಕಾರವಾರದ ಕಡಲತಡಿವರೆಗೆ ಹುಡುಕುವ ಬಗೆ

ಸಂಜೆ ಕೊಟ್ಟಿಗೆಗೆ ಒಂದು ದನ ಕಮ್ಮಿ. ಪಟಾಕಿ ಸದ್ದಿಗೆ ಓಡಿದ ನಾಯಿ ರಾತ್ರಿಯಾದರೂ ಬಂದಿಲ್ಲ. ಬೆಕ್ಕಿನ ಬಟ್ಟಲಲ್ಲಿ ಬೆಳಗಿನ ಹಾಲು ಹಾಗೇ ಇದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಟಾರ್ಚು ಹಿಡಿದು, ಹೆಸರು ಕೂಗುತ್ತ, ಕಾಲು ಹೋದ ಕಡೆ ಹೊರಟುಬಿಡುತ್ತಾರೆ. ಹೊರಡುವ ಮೊದಲು ಹತ್ತು ನಿಮಿಷ ಜಗುಲಿಯ ಮೇಲೆ ಕೂತು ಮನೆಯವರೆಲ್ಲ ಸೇರಿ ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ: ಅದು ಹೋದದ್ದು ಏಕೆ? ಹೆದರಿ ಓಡಿದ ನಾಯಿ ಇರುವ ಜಾಗ ಬೇರೆ, ಹಂದಿಯನ್ನು ಅಟ್ಟಿಕೊಂಡು ಹೋದ ನಾಯಿ ಇರುವ ಜಾಗ ಬೇರೆ. ಕರು ಹಾಕಲು ಮರೆಗೆ ಹೋದ ಆಕಳನ್ನು ಪೇಟೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಕೊನೆಯದಾಗಿ ಯಾರು, ಎಲ್ಲಿ, ಎಷ್ಟು ಹೊತ್ತಿಗೆ ನೋಡಿದ್ದು, ಆಗ ಅದರ ಮುಖ ಯಾವ ಕಡೆಗಿತ್ತು, ಆ ಹೊತ್ತಿಗೆ ಗುಡುಗು, ಲಾರಿ, ಮದುವೆ ಬ್ಯಾಂಡು, ಪಕ್ಕದೂರಿನ ನಾಯಿ ಏನಾದರೂ ಇತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾಳೆ ಹತ್ತು ಜನ ಹತ್ತು ಥರ ಹೇಳುವಾಗ ಈ ಚೀಟಿಯೇ ಆಧಾರ.

ಒಬ್ಬರು ಮನೆಯಲ್ಲೇ ಇರಲಿ. ಹೋದ ಪ್ರಾಣಿ ತಾನಾಗಿ ಬಂದು ಅಂಗಳದಲ್ಲಿ ಯಾರೂ ಇಲ್ಲದ್ದು ಕಂಡು ಮತ್ತೆ ಹೊರಟುಹೋಗುವುದುಂಟು. ಬೇಲಿಬಾಗಿಲಾದ ದಣಪೆ ತೆರೆದಿಡಿ, ಹಿತ್ತಲಿನ ದೀಪ ಹಚ್ಚಿಡಿ. ಕಳೆದದ್ದು ಸಿಗಲೆಂದು ಕಾರ್ತವೀರ್ಯಾರ್ಜುನ ಮಂತ್ರ ಹೇಳಿಕೊಳ್ಳುವವರು ಹೇಳಿಕೊಳ್ಳಲಿ, ಊರ ಚೌಡಿಗೆ ಹರಕೆ ಹೊರುವವರು ಹೊರಲಿ. ನಡೆಯುತ್ತಲೂ ಮಂತ್ರ ಹೇಳಬಹುದು.

ಬೆಕ್ಕು: ಹತ್ತಿರದಲ್ಲೇ ಹುಡುಕಿ

ಬೆಕ್ಕಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ದೂರ ಹೋಗಿ ಹುಡುಕುವುದು. ಕಳೆದ ಬೆಕ್ಕುಗಳು ಎಲ್ಲೆಲ್ಲಿ ಸಿಕ್ಕವು ಎಂದು ಲೆಕ್ಕ ಹಾಕಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಕ್ಕಾಲು ಪಾಲು ಬೆಕ್ಕುಗಳು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೇ ಸಿಕ್ಕಿದ್ದವು. ಹೆದರಿದ ಬೆಕ್ಕು ಮೊದಲು ಸಿಕ್ಕ ಸಂದಿಗೆ ನುಗ್ಗಿ ಉಸಿರು ಬಿಗಿಹಿಡಿದು ಕೂತುಬಿಡುತ್ತದೆ. ದಿನಾ ಕರೆದರೆ ಬರುವ ಬೆಕ್ಕು ಆಗ ಮನೆಯವರ ದನಿಗೂ ಓಗೊಡುವುದಿಲ್ಲ. ಆದ್ದರಿಂದ ಕರೆದು ಉತ್ತರ ಬರಲಿಲ್ಲವೆಂದು ಆ ಜಾಗ ಬಿಟ್ಟು ಮುಂದೆ ಹೋಗಬೇಡಿ. ಬಗ್ಗಿ, ಕೈಹಾಕಿ, ಟಾರ್ಚಿನ ಬೆಳಕು ಬಿಟ್ಟು ನೋಡಿ.

ಶಿರಸಿ, ಸಿದ್ದಾಪುರದ ಕಡೆಯ ಮನೆಗಳಲ್ಲಿ ನೋಡಬೇಕಾದ ಜಾಗಗಳಿಗೆ ಕೊರತೆಯಿಲ್ಲ. ಬಚ್ಚಲ ಒಲೆಯ ಹಿಂದೆ ಬಿಸಿ ಬೂದಿ ಇರುವ ಮೂಲೆ, ಅಟ್ಟ, ಹುಲ್ಲಿನ ಬಣವೆಯ ಬುಡ, ಸೌದೆ ಕೊಟ್ಟಿಗೆ, ಒಣ ಎಲೆಯ ದರಕಿನ ರಾಶಿ, ಅಡಿಕೆ ಚೀಲ ಪೇರಿಸಿಟ್ಟ ಕೋಣೆ. ಕರಾವಳಿಯಲ್ಲಾದರೆ ಬಲೆ ಇಡುವ ಶೆಡ್ಡು, ಐಸ್ ಫ್ಯಾಕ್ಟರಿಯ ಹಿಂಭಾಗ, ದೋಣಿಯ ಹೊದಿಕೆಯ ಅಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ ದಡದ ಮೇಲೆ ದೋಣಿಗಳು ಮುಚ್ಚಿಕೊಂಡು ಕೂತಿರುತ್ತವೆ. ಒಳಗೆ ಬೆಚ್ಚಗಿರುತ್ತದೆ, ಮೀನಿನ ವಾಸನೆಯೂ ಇರುತ್ತದೆ, ಬೆಕ್ಕಿಗೆ ಇನ್ನೇನು ಬೇಕು. ಹಾಗೆಯೇ ಆ ದಿನ ಮನೆಯಂಗಳಕ್ಕೆ ಬಂದುಹೋದ ವಾಹನ ಯಾವುದು ಎಂದು ನೆನಪಿಸಿಕೊಳ್ಳಿ. ಅಡಿಕೆ ತುಂಬಿದ ಪಿಕಪ್, ಗ್ಯಾಸ್ ಗಾಡಿ, ಮೀನಿನ ಟೆಂಪೊ ಯಾವುದಾದರೂ ಇದ್ದರೆ ಚಾಲಕನಿಗೆ ಅಂದೇ ಫೋನ್ ಮಾಡಿ, ಮುಂದೆ ಎಲ್ಲೆಲ್ಲಿ ನಿಲ್ಲಿಸಿದ್ದರು ಕೇಳಿ. ಶಿರಸಿಯಲ್ಲಿ ಹತ್ತಿದ ಬೆಕ್ಕು ಕುಮಟೆಯಲ್ಲಿ ಇಳಿದಿದ್ದರೆ ಮನೆಯ ಸುತ್ತ ಎಷ್ಟು ಹುಡುಕಿದರೂ ಅಷ್ಟೆ.

ನೆರೆಮನೆಯವರನ್ನು "ನಮ್ಮ ಬೆಕ್ಕು ಕಂಡಿದೆಯಾ" ಎಂದು ಕೇಳಿದರೆ "ಇಲ್ಲ" ಎನ್ನುತ್ತಾರೆ, ಮಾತು ಮುಗಿಯಿತು. "ನಿಮ್ಮ ಹುಲ್ಲಟ್ಟ ಒಂದ್ಸಲ ನೋಡಿಕೊಳ್ಳಲಾ" ಎಂದು ಕೇಳಿ, ಬೀಗ ಹಾಕಿದ ಕೋಣೆ ತೆಗೆಸಿ, ಕಣ್ಣಾರೆ ನೋಡಿ. ಬೆಂಗಳೂರಿನಲ್ಲಿರುವ ಮಕ್ಕಳ ಮನೆಗೆ ಹೋಗಲು ಹಿಂದಿನ ದಿನ ಬೀಗ ಹಾಕಿದವರು ಯಾರಾದರೂ ಇದ್ದಾರೆಯೇ ಎಂಬುದು ಮುಖ್ಯ ಪ್ರಶ್ನೆ. ಬೀಗದೊಳಗೆ ಸಿಕ್ಕಿಕೊಂಡ ಬೆಕ್ಕಿಗೆ ನೀರಿಲ್ಲದೆ ಮೂರ್ನಾಲ್ಕು ದಿನಕ್ಕೇ ಕಷ್ಟವಾಗುತ್ತದೆ.

ಹುಡುಕಲು ಒಳ್ಳೆಯ ಹೊತ್ತು ಊರು ಮಲಗಿದ ಮೇಲೆ, ರಾತ್ರಿ ಹನ್ನೊಂದರ ಆಚೆ. ಟಾರ್ಚನ್ನು ಸೊಂಟದ ಬಳಿ ಹಿಡಿಯದೆ ಕಣ್ಣಿನ ಪಕ್ಕದಲ್ಲೇ ಹಿಡಿಯಿರಿ. ಬೆಳಕು ಹೋದ ದಾರಿಯಲ್ಲೇ ಹಿಂದಿರುಗುವುದರಿಂದ ಆಗ ಮಾತ್ರ ಬೆಕ್ಕಿನ ಕಣ್ಣು ಹಸಿರು ಮಿಶ್ರಿತ ಹಳದಿಯಾಗಿ ಮಿನುಗುವುದು ನಿಮಗೆ ಕಾಣುತ್ತದೆ. ನೆಲದ ಹುಲ್ಲಿನಲ್ಲಿ ಇಬ್ಬನಿಯಂತೆ ಹೊಳೆಯುವ ಒಂಟಿ ಚುಕ್ಕಿಗಳು ಜೇಡದವು. ಜೋಡಿ ಕಣ್ಣುಗಳ ನಡುವೆ ಅಂತರ ಹೆಚ್ಚಾಗಿದ್ದು, ನೆಲದಿಂದ ಮೊಣಕಾಲಿಗಿಂತ ಎತ್ತರದಲ್ಲಿದ್ದರೆ ಹೆಚ್ಚು ಪರೀಕ್ಷೆ ಮಾಡಲು ಹೋಗದೆ ಮೆಲ್ಲಗೆ ಹಿಂದೆ ಸರಿಯಿರಿ.

ಅಡಿಕೆ ಮರ, ತೆಂಗಿನ ಮರ ಹತ್ತಿದ ಬೆಕ್ಕು ಇಳಿಯಲಾರದು. ಅದರ ಉಗುರು ಬಾಗಿರುವ ರೀತಿ ಹತ್ತುವುದಕ್ಕೆ ಸರಿ, ತಲೆ ಕೆಳಗೆ ಮಾಡಿ ಇಳಿಯುವುದಕ್ಕೆ ಸರಿಯಲ್ಲ. ನುಣುಪು ಮರದಲ್ಲಿ ಹಿಂದಕ್ಕೆ ಜಾರಿ ಬರುವ ಧೈರ್ಯವನ್ನೂ ಅದು ಮಾಡುವುದಿಲ್ಲ. ಕೆಳಗೆ ನಿಂತು ಗದ್ದಲ ಮಾಡಿದಷ್ಟೂ ಮೇಲೇರುತ್ತದೆ. ಅಡಿಕೆ ಕೊನೆ ಕೊಯ್ಯಲು ಮರ ಹತ್ತುವ ಕೊನೆಗೌಡನನ್ನು ಕರೆಸಿ, ಗೋಣಿಚೀಲ ಕೊಟ್ಟು ಕಳಿಸಿ. ಉದ್ದ ತೋಳಿನ ದಪ್ಪ ಅಂಗಿ ಹಾಕಿಕೊಂಡು, ಕುತ್ತಿಗೆಯ ಹಿಂದಿನ ಚರ್ಮ ಹಿಡಿದು, ಚೀಲದೊಳಗೆ ಬಿಟ್ಟು, ಬಾಯಿ ಕಟ್ಟಿ ಹಗ್ಗದಲ್ಲಿ ಇಳಿಸಬೇಕು. ಮಳೆ ಬಿದ್ದು ಮರ ಪಾಚಿಗಟ್ಟಿದ ದಿನಗಳಲ್ಲಿ ಯಾರನ್ನೂ ಹತ್ತಿಸಬೇಡಿ, ದೋಟಿಗೆ ಬುಟ್ಟಿ ಕಟ್ಟಿ ಪ್ರಯತ್ನಿಸಿ ಇಲ್ಲವೇ ಅಗ್ನಿಶಾಮಕದವರ ಏಣಿಗೆ ಕಾಯಿರಿ.

ಇರುವ ಜಾಗ ಗೊತ್ತಿದ್ದೂ ಕೈಗೆ ಸಿಗದ ಬೆಕ್ಕಿಗೆ ಬೋನು. ಉದ್ದ 75ರಿಂದ 90 ಸೆಂಟಿಮೀಟರ್, ಅಗಲ ಎತ್ತರ 30 ಸೆಂಟಿಮೀಟರ್ ಸಾಕು. ಹೆಗ್ಗಣದ ಬೋನಿನಲ್ಲಿ ಹಿಡಿಯಲು ಹೋದರೆ ಬಾಗಿಲು ಬಾಲದ ಮೇಲೆ ಬೀಳುತ್ತದೆ. ತಳಕ್ಕೆ ರಟ್ಟು ಹಾಸಿ, ಮೇಲೆ ಗೋಣಿ ಹೊದೆಸಿ, ತಿನಿಸನ್ನು, ಕಾಲಿಟ್ಟರೆ ಬಾಗಿಲು ಬೀಳಿಸುವ ಒತ್ತುಹಲಗೆಯ ಆಚೆ ಇಡಿ. ಗಂಟೆಗೊಮ್ಮೆ ನೋಡಿ. ಮರೆತು ಮಲಗಿದರೆ ಕೆಂಪಿರುವೆ ಮುತ್ತಿದ ಬೆಕ್ಕನ್ನು ಬೆಳಿಗ್ಗೆ ನೋಡಬೇಕಾದೀತು. ಬೆಕ್ಕಿನ ಹಾಸಿಗೆಯ ಬಟ್ಟೆಯನ್ನು ಬೋನಿನ ಬಳಿ ಇಡುವುದು ಒಳ್ಳೆಯದು. ಅದರ ಮಲದ ತಟ್ಟೆಯನ್ನು ಹೊರಗಿಡಿ ಎಂದು ಕೆಲವರು ಹೇಳುತ್ತಾರೆ, ನಮ್ಮ ಕಡೆ ಅದು ಬೇಡ. ಊರ ಗಡವ ಬೆಕ್ಕುಗಳು ಆ ವಾಸನೆಗೆ ಬಂದು ಕಾವಲು ಕೂತರೆ ಹೆದರಿದ ಬೆಕ್ಕು ಇನ್ನೂ ಒಳಕ್ಕೆ ಸರಿಯುತ್ತದೆ.

ನಾಯಿ: ಅಟ್ಟಿದರೆ ಕಳೆದುಕೊಂಡಿರಿ

ದೀಪಾವಳಿಯ ಪಟಾಕಿ, ಏಪ್ರಿಲ್ ಮೇ ತಿಂಗಳ ಸಂಜೆಯ ಗುಡುಗು, ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ನಡೆಯುವ ಮಾರಿಕಾಂಬಾ ಜಾತ್ರೆಯ ಜನಜಂಗುಳಿ, ಇವಕ್ಕೆ ಬೆದರಿ ಓಡಿದ ನಾಯಿ ಮೊದಲು ದಿಕ್ಕುಗೆಟ್ಟು ಓಡುತ್ತದೆ. ಆಮೇಲೆ ಸದ್ದಿಲ್ಲದ ಜಾಗ ಹಿಡಿದು ಅಡಗುತ್ತದೆ: ಮೋರಿ, ಬಸ್ ತಂಗುದಾಣದ ಹಿಂಭಾಗ, ಗೇರು ಪ್ಲಾಂಟೇಶನ್, ಮುಚ್ಚಿದ ಶಾಲೆಯ ಜಗುಲಿ. ಈ ಸ್ಥಿತಿಯಲ್ಲಿ ನಾಯಿಗೆ ಎದುರು ಬರುವವರೆಲ್ಲ ಶತ್ರುಗಳೇ, ಸಾಕಿದವರೂ ಸೇರಿ. ನಾಲ್ಕು ಜನ ಬೈಕಿನಲ್ಲಿ ಬೆನ್ನಟ್ಟಿದರೆ ರಾಷ್ಟ್ರೀಯ ಹೆದ್ದಾರಿ 66ಕ್ಕೋ ಕೊಂಕಣ ರೈಲಿನ ಹಳಿಗೋ ಅಟ್ಟಿದಂತೆ. ಕರಾವಳಿಯಲ್ಲಿ ಹೆದ್ದಾರಿಯೂ ಹಳಿಯೂ ಸಮುದ್ರಕ್ಕೆ ಸಮಾನಾಂತರವಾಗಿ ಸಾಗುತ್ತವೆ. ಓಡುವ ನಾಯಿ ಪೂರ್ವಕ್ಕೆ ತಿರುಗಿದರೆ ಅವೆರಡನ್ನೂ ದಾಟಲೇಬೇಕು.

ಕಂಡಾಗ ಮಾಡಬೇಕಾದದ್ದು ಇಷ್ಟು. ನಿಂತಲ್ಲೇ ಕುಕ್ಕರಗಾಲಲ್ಲಿ ಕೂತುಬಿಡಿ. ಎದುರಾಬದುರು ಕೂರದೆ ಪಕ್ಕಕ್ಕೆ ತಿರುಗಿ ಕೂತು ಕಣ್ಣಿಗೆ ಕಣ್ಣು ಕೊಡಬೇಡಿ. ಹೆಸರು ಒಂದೇ ಸಲ, ದಿನನಿತ್ಯದ ದನಿಯಲ್ಲಿ ಹೇಳಿ. ತಿನಿಸನ್ನು ನಾಯಿಯ ಕಡೆ ಎಸೆಯದೆ ನಿಮ್ಮ ಹಿಂಬದಿಗೆ ಎಸೆಯಿರಿ, ಅದು ನಿಮ್ಮನ್ನು ದಾಟಿ ಬರಬೇಕಾಗುತ್ತದೆ. ಕೈಗೆ ಸಿಕ್ಕಿತೆಂದು ಹಾರಿ ಹಿಡಿಯಬೇಡಿ. ಬಂದು ಮೂಸಿ, ತಿಂದು, ಬಾಲ ಸಡಿಲವಾದ ಮೇಲೆ ಎದೆಯ ಕೆಳಗಿನಿಂದ ಕೈ ತಂದು ಕೊರಳಪಟ್ಟಿ ಹಿಡಿಯಿರಿ. ತಲೆಯ ಮೇಲಿಂದ ಬರುವ ಕೈಗೆ ಹೆದರಿದ ನಾಯಿ ಕಚ್ಚುತ್ತದೆ. ಮೊದಲೇ ಜೇಬಿನಲ್ಲಿ ಮೂರು ಮೀಟರ್ ಹತ್ತಿಯ ಹಗ್ಗ ಇರಲಿ, ಜಾರುಗಂಟು ಹಾಕಿ ತಯಾರಿರಲಿ. ಬರಿಗೈಯಲ್ಲಿ ಹೋದವರು ನಾಯಿಯನ್ನು ಕಂಡು ಬಂದೆವು ಎಂದಷ್ಟೇ ಹೇಳುತ್ತಾರೆ.

ತಿನಿಸು ಯಾವುದು ಎಂಬ ಬಗ್ಗೆ ಒಂದು ಮಾತು. ಕೋಳಿ ಮಾಂಸವೇ ಆಗಬೇಕೆಂದಿಲ್ಲ. ಹುಟ್ಟಿದಾಗಿನಿಂದ ದೋಸೆ, ಮಜ್ಜಿಗೆ ಅನ್ನ ತಿಂದು ಬೆಳೆದ ನಾಯಿಗೆ ಬಿಸಿ ದೋಸೆಯ ತುಪ್ಪದ ವಾಸನೆಯೇ ಮನೆ. ಬೈತಖೋಲ ಬಂದರಿನ ನಾಯಿಗೆ ಒಣಮೀನು ಸರಿ. ಏನೇ ಇರಲಿ, ಬೆಟ್ಟದ ಅಂಚಿನಲ್ಲಿ ರಾತ್ರಿಯಿಡೀ ಮಾಂಸ ಇಟ್ಟು ಬರಬೇಡಿ. ಕಾಡುಹಂದಿ, ಕಬ್ಬೆಕ್ಕು ಬರುತ್ತವೆ, ಅವುಗಳ ಬೆನ್ನಿಗೆ ಚಿರತೆಯೂ ಬರಬಹುದು. ಹಗಲು ಇಟ್ಟು ಕತ್ತಲಾಗುವ ಮೊದಲು ತೆಗೆಯಿರಿ.

ನಾಯಿ ಕಂಡೆವು ಎಂದು ಜನ ಹೇಳಿದ ಜಾಗದಲ್ಲಿ ನಿಜಕ್ಕೂ ಬರುತ್ತಿರುವುದು ಯಾವ ಪ್ರಾಣಿ ಎಂದು ತಿಳಿಯಲು ಜರಡಿ ಹಿಡಿದ ಒಲೆಬೂದಿ ಅಥವಾ ನಯವಾದ ಹೊಯ್ಗೆ ಸಾಕು. ತಟ್ಟೆಯ ಸುತ್ತ ಒಂದು ಮೀಟರ್ ಅಗಲಕ್ಕೆ, ಬೆರಳ ದಪ್ಪ ಹರಡಿ, ಅಡಿಕೆ ಹಾಳೆಯ ಅಂಚಿನಿಂದ ಸಮ ಮಾಡಿ. ನಾಯಿಯ ಹೆಜ್ಜೆಯಲ್ಲಿ ಬೆರಳುಗಳ ಮುಂದೆ ಉಗುರಿನ ಗುರುತು ಬೀಳುತ್ತದೆ. ಬೆಕ್ಕಿನ ಜಾತಿಯವು ಉಗುರು ಒಳಗೆಳೆದುಕೊಂಡು ನಡೆಯುವುದರಿಂದ ಆ ಗುರುತಿರುವುದಿಲ್ಲ. ಉಗುರಿಲ್ಲದ, ಅಂಗೈಯಷ್ಟಗಲದ ಹೆಜ್ಜೆ ಕಂಡರೆ ಆ ಜಾಗದಲ್ಲಿ ಕಾಯುವುದನ್ನು ಬಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಮಂಗನನ್ನೋ ಹಂದಿಯನ್ನೋ ಅಟ್ಟಿಕೊಂಡು ಬೆಟ್ಟ ಹೊಕ್ಕ ನಾಯಿಯದು ಬೇರೆ ಲೆಕ್ಕ. ಅದು ಹೆದರಿಲ್ಲ, ಹುರುಪಿನಲ್ಲಿದೆ. ಝೆಕ್ ದೇಶದಲ್ಲಿ 27 ಬೇಟೆನಾಯಿಗಳ ಕೊರಳಿಗೆ ಜಿಪಿಎಸ್ ಕಟ್ಟಿ ಕಾಡಿಗೆ ಬಿಟ್ಟು ನೋಡಿ 2020ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಅರ್ಧಕ್ಕಿಂತ ಹೆಚ್ಚು ಸಲ ನಾಯಿಗಳು ತಾವು ಹೋದ ದಾರಿಯ ವಾಸನೆ ಹಿಡಿದೇ ಮರಳಿದ್ದವು. ಉಳಿದವುಗಳಲ್ಲಿ ಹೆಚ್ಚಿನವು ಹೊಸ ದಾರಿ ಹಿಡಿಯುವ ಮೊದಲು ಉತ್ತರ ದಕ್ಷಿಣವಾಗಿ ಸುಮಾರು 20 ಮೀಟರ್ ಓಡಿ ದಿಕ್ಕು ನೋಡಿಕೊಂಡಂತೆ ಮಾಡಿದ್ದವು. ಎಂದರೆ ನಾಯಿ ಎಲ್ಲಿ ಬೆಟ್ಟ ಹೊಕ್ಕಿತೋ ಅಲ್ಲಿಗೇ ಬಂದು ಹೊರಬೀಳುವ ಸಂಭವವೇ ಹೆಚ್ಚು. ಆ ಜಾಗದಲ್ಲಿ ನೀವು ಉಟ್ಟು ಬೆವರಿದ ಲುಂಗಿಯನ್ನೋ ಅಂಗಿಯನ್ನೋ ಹಾಸಿ, ಬಟ್ಟಲಲ್ಲಿ ನೀರಿಟ್ಟು, ಒಬ್ಬರು ಸುಮ್ಮನೆ ಕೂತಿರಿ. ಎಲ್ಲರೂ ಬೆಟ್ಟ ಸುತ್ತಲು ಹೋದರೆ ಅದು ಬಂದು, ಮೂಸಿ, ಯಾರೂ ಕಾಣದೆ ನಿಮ್ಮ ಹೊಸ ವಾಸನೆಯ ಬೆನ್ನುಹತ್ತಿ ಮತ್ತೆ ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಈ ಲೆಕ್ಕ ತಲೆಕೆಳಗಾಗುವುದುಂಟು. ಅರ್ಧ ತಾಸಿನ ಜಡಿಮಳೆ ವಾಸನೆಯ ದಾರಿಯನ್ನು ತೊಳೆದುಬಿಡುತ್ತದೆ, ಹೋಗುವಾಗ ಮೊಣಕಾಲುದ್ದ ಇದ್ದ ಹಳ್ಳ ಬರುವಾಗ ಉಕ್ಕಿ ದಾಟಲಾಗದಂತಾಗಿರುತ್ತದೆ. ಆಗ ನಾಯಿ ಹಳ್ಳದ ಆಚೆದಡದಲ್ಲೇ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಹತ್ತಿರದ ಕಾಲುಸಂಕ ದಾಟಿ ಆ ದಡದಲ್ಲಿ ಹುಡುಕಿ.

ಕೂಗುವಾಗ ಎರಡು ಸಲ ಕೂಗಿ ಐದು ನಿಮಿಷ ಕಿವಿಗೊಡಿ. ಘಟ್ಟದ ಕಣಿವೆಯಲ್ಲಿ ದನಿ ಎದುರು ಗುಡ್ಡಕ್ಕೆ ತಾಗಿ ಮರಳುವುದರಿಂದ ಬಿಡದೆ ಕೂಗಿದರೆ ನಾಯಿಗೆ ದಿಕ್ಕು ಸಿಗುವುದಿಲ್ಲ. ಹೆಸರಿಗಿಂತ ಪರಿಚಿತ ಸದ್ದು ಹೆಚ್ಚು ಕೆಲಸ ಮಾಡುತ್ತದೆ: ಮನೆಯ ಸ್ಕೂಟರ್ ಚಾಲೂ ಮಾಡುವುದು, ಹಾಲಿನ ಕ್ಯಾನಿನ ಮುಚ್ಚಳ ಬಡಿಯುವುದು, ಅದರದೇ ತಟ್ಟೆ ಕುಟ್ಟುವುದು.

ಬೆದೆಯ ಹೆಣ್ಣು ಹುಡುಕಿ ಹೋದ ಗಂಡುನಾಯಿ ಎರಡು ಮೂರು ದಿನಕ್ಕೆ ಕಿವಿ ಹರಿಸಿಕೊಂಡು ತಾನೇ ಬರುವುದು ಸಾಮಾನ್ಯ. ಆದರೂ ಪಕ್ಕದ ಊರುಗಳಲ್ಲಿ ಯಾರ ಮನೆಯ ಮುಂದೆ ನಾಯಿಗಳ ಹಿಂಡು ಸೇರಿದೆ ಎಂದು ಒಮ್ಮೆ ವಿಚಾರಿಸಿ.

ಮೂರು ದಿನವಾದರೂ ಸುಳಿವಿಲ್ಲದಿದ್ದರೆ ಸಿಕ್ಕಿಬಿದ್ದಿರಬಹುದೆಂದು ತಿಳಿದು ಹುಡುಕುವ ಬಗೆ ಬದಲಿಸಿ. ತೋಟದ, ಹುಲ್ಲುಗಾವಲಾದ ಬೇಣದ ಸುತ್ತ ತೆಗೆದ ಅಗಳಕ್ಕೆ (ಕಂದಕಕ್ಕೆ) ಬಿದ್ದ ನಾಯಿ ಎರಡೂ ಬದಿ ಕಡಿದಾಗಿದ್ದರೆ ಹತ್ತಲಾರದು. ಕರಾವಳಿಯಲ್ಲಿ ಚಿರೆಕಲ್ಲು ತೆಗೆದುಬಿಟ್ಟ ಹಳೆ ಕ್ವಾರಿಗಳು, ಘಟ್ಟ, ಕರಾವಳಿ ಎರಡೂ ಕಡೆ ಕಟ್ಟೆಯಿಲ್ಲದ ಬಾವಿಗಳು. ಹಂದಿಗೆಂದು ಯಾರೋ ಕಟ್ಟಿದ ತಂತಿ ಉರುಳು. ಉರುಳಿಗೆ ಸಿಕ್ಕ ನಾಯಿಯನ್ನು ಎಳೆಯಬಾರದು, ಎಳೆದಷ್ಟೂ ತಂತಿ ಬಿಗಿಯುತ್ತದೆ. ಕಂಬಳಿ ಹೊದೆಸಿ ತಲೆ ಮುಚ್ಚಿ, ಇಬ್ಬರು ಹಿಡಿದುಕೊಂಡು, ಗೂಟದ ಕಡೆಯ ತಂತಿಯನ್ನು ಕಟಿಂಗ್ ಪ್ಲೈಯರಿನಿಂದ ಮೊದಲು ಕತ್ತರಿಸಿ. ಮೈಗೆ ಸುತ್ತಿದ್ದನ್ನು ಪಶುವೈದ್ಯರೇ ಬಿಡಿಸಲಿ. ಹೊರಗೆ ಗೆರೆಯಷ್ಟೇ ಕಂಡರೂ ಒಳಗಿನ ಮಾಂಸ ಸತ್ತಿರುತ್ತದೆ, ಆಮೇಲೆ ಹುಳ ಬೀಳುತ್ತದೆ. ಬಾವಿಗೆ ಬಿದ್ದದ್ದನ್ನು ತೆಗೆಯಲು ನೀವೇ ಇಳಿಯಬೇಡಿ. ಹಳೆ ಬಾವಿಯ ತಳದಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು. ಬೆಕ್ಕಾದರೆ ಬುಟ್ಟಿಯ ನಾಲ್ಕು ಕಡೆ ಹಗ್ಗ ಕಟ್ಟಿ, ಒಳಗೆ ಒಂದು ಕಲ್ಲು, ಗೋಣಿ ಹಾಕಿ ಇಳಿಬಿಡಿ, ತಾನೇ ಹತ್ತುತ್ತದೆ. ನಾಯಿಯಾದರೆ ಎರಡು ಬಾಳೆದಿಂಡು ಜೋಡಿಸಿ ಕಟ್ಟಿ ಇಳಿಸಿ. ಅದರ ಮೇಲೆ ಮುಂಗಾಲಿಟ್ಟು ಅದು ದಣಿವಾರಿಸಿಕೊಳ್ಳುತ್ತದೆ, ಅಷ್ಟರಲ್ಲಿ 112ಕ್ಕೆ ಫೋನ್ ಮಾಡಿದರೆ ಅಗ್ನಿಶಾಮಕದವರಿಗೆ ಸುದ್ದಿ ಮುಟ್ಟುತ್ತದೆ.

ದನ

ಮಲೆನಾಡು ಗಿಡ್ಡ ತಳಿಯ ದನಕ್ಕೆ ದಾರಿ ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ಬೆಟ್ಟಕ್ಕೆ ಬಿಟ್ಟರೆ ಸಂಜೆ ತಾನೇ ದಣಪೆಯ ಹತ್ತಿರ ನಿಂತು ಕೂಗುತ್ತದೆ. ಬರಲಿಲ್ಲ ಎಂದರೆ ಕಾರಣ ಗಟ್ಟಿಯಾದದ್ದೇ ಇರುತ್ತದೆ, ಮತ್ತು ಕಾರಣಗಳು ನಾಲ್ಕೈದೇ.

ತುಂಬಿದ ಗಬ್ಬದ ಆಕಳಾದರೆ ಕರು ಹಾಕಿರುತ್ತದೆ. ಹಿಂಡು ಬಿಟ್ಟು, ನೀರಿಗೆ ತೀರಾ ದೂರವಿಲ್ಲದ ಪೊದೆಯ ಮರೆ ಹುಡುಕಿಕೊಂಡು ಹೋಗಿ ಈಯುತ್ತದೆ, ಕರುವನ್ನು ದರಕಿನ ನಡುವೆ ಮಲಗಿಸಿಟ್ಟು ತಾನು ಸ್ವಲ್ಪ ದೂರ ಮೇಯುತ್ತಿರುತ್ತದೆ. ನೀವು ಕಂಡ ಆಕಳು ಒಂಟಿಯಾಗಿದ್ದು ಹೊಟ್ಟೆ ಇಳಿದಿದ್ದರೆ ಕೂಡಲೇ ಮನೆಗೆ ಹೊಡೆಯಬೇಡಿ. ಮೂವತ್ತು ನಲವತ್ತು ಮೀಟರ್ ದೂರದಲ್ಲಿ ಮರದ ಮರೆಗೆ ಕೂತು ಕಾಯಿರಿ. ಕೆಚ್ಚಲು ತುಂಬಿ ಬಿಗಿದಾಗ ಕರು ಇರುವಲ್ಲಿಗೆ ತಾನೇ ಕರೆದೊಯ್ಯುತ್ತದೆ. ಕರುವನ್ನು ಹೆಗಲ ಮೇಲೆ ಹೊತ್ತು ಆಕಳಿನ ಮೂಗಿಗೆ ಕಾಣುವಷ್ಟು ಹತ್ತಿರದಲ್ಲಿ ಮುಂದೆ ನಡೆದರೆ ಅದು ಹಿಂಬಾಲಿಸುತ್ತದೆ. ಹಾಯುವ ಆಕಳಾದರೆ ಇಬ್ಬರು ಹೋಗಿ, ಒಬ್ಬರ ಕೈಯಲ್ಲಿ ಕೋಲಿರಲಿ.

ಬೆದೆಗೆ ಬಂದ ಆಕಳು ಹೋರಿ ಇರುವ ಹಿಂಡಿಗೆ ಹೋಗುತ್ತದೆ. ಹೊಸದಾಗಿ ಕೊಂಡು ತಂದ ದನ ಹಳೆಯ ಕೊಟ್ಟಿಗೆಗೆ ಹೊರಡುತ್ತದೆ, ಮಾರಿದವರಿಗೆ ಮೊದಲು ಫೋನ್ ಮಾಡಿ. ನಡೆಸಿ ತಂದದ್ದಾಗಿದ್ದರೆ ಬಂದ ದಾರಿಯಲ್ಲೇ ಮೊದಲು ಹುಡುಕಿ.

ಮಳೆಗಾಲದಲ್ಲಿ ರಾತ್ರಿ ಡಾಂಬರು ರಸ್ತೆ ನೋಡಲೇಬೇಕು. ಕೆಸರು, ಸೊಳ್ಳೆ, ನೊಣ ತಪ್ಪಿಸಿಕೊಳ್ಳಲು ದನಗಳು ರಸ್ತೆಯ ನಡುವೆ ಬಂದು ಮಲಗುತ್ತವೆ. ಕುಮಟೆ, ಅಂಕೋಲೆಯ ಪೇಟೆಗಳಲ್ಲಿ, ಗೋಕರ್ಣದ ರಥಬೀದಿಯಲ್ಲಿ ಬಿಡಾಡಿ ದನಗಳ ನಡುವೆ ನಿಮ್ಮದೂ ಸೇರಿಕೊಂಡಿರಬಹುದು. ಹೆದ್ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದರೆ ಹೆದ್ದಾರಿ ಸಹಾಯವಾಣಿ 1033, ಚಿಕಿತ್ಸೆಗೆ ಸಂಚಾರಿ ಪಶುಚಿಕಿತ್ಸಾ ವಾಹನದ 1962. ಯಾರದೋ ಗದ್ದೆ ಮೇಯ್ದು ದೊಡ್ಡಿಗೆ ಹೋಗಿದೆಯೇ ಎಂದು ಪಂಚಾಯತಿಯಲ್ಲಿ ಕೇಳಿ. ದಂಡ ಕಟ್ಟಿ ಬಿಡಿಸಿಕೊಳ್ಳುವುದು ತಡವಾದಷ್ಟೂ ಮೇವಿನ ಖರ್ಚು ಏರುತ್ತದೆ.

ಅಘನಾಶಿನಿ ನದಿಯ, ಉಬ್ಬರದ ನೀರು ಹೊಗುವ ಗಜನಿ ಭೂಮಿಯಲ್ಲಿ ಕೆಸರಿಗೆ ಸಿಕ್ಕ ದನದ ವಿಷಯದಲ್ಲಿ ಉಬ್ಬರದ ವೇಳೆ ನೋಡಿಕೊಂಡೇ ಕೆಲಸಕ್ಕೆ ಇಳಿಯಬೇಕು. ಉಬ್ಬರ ಏರಲು ಎಷ್ಟು ಹೊತ್ತಿದೆ ಎಂದು ಅಲ್ಲಿನ ಮೀನುಗಾರರು ಕೂತಲ್ಲೇ ಹೇಳುತ್ತಾರೆ. ಕೋಡು, ಕುತ್ತಿಗೆ, ಬಾಲಕ್ಕೆ ಹಗ್ಗ ಹಾಕಿ ಎಳೆದರೆ ದನ ಉಳಿಯುವುದಿಲ್ಲ. ಗೋಣಿಚೀಲ ಮಡಚಿ ಅಂಗೈ ಅಗಲದ ಪಟ್ಟಿ ಮಾಡಿ ಮುಂಗಾಲಿನ ಹಿಂದೆ ಎದೆಯ ಸುತ್ತ ಒಂದು, ತೊಡೆಯ ಮುಂದೆ ಒಂದು ಕಟ್ಟಿ. ಕಾಲುಗಳ ಸುತ್ತ ಕೈಯಿಂದ ಕೆಸರು ತೋಡಿ ನೀರು ಸುರಿದು ಸಡಿಲಿಸಿ, ಮುಂದೆ ಹಲಗೆ, ತೆಂಗಿನ ಮಡಲು ಹಾಸಿ, ಓರೆಯಾಗಿ ಎಳೆಯಿರಿ. ಎದ್ದ ಮೇಲೆ ಸಿಹಿನೀರು ಕುಡಿಸಿ, ಮೈ ಒರೆಸಿ, ಅರ್ಧ ತಾಸು ನಿಲ್ಲಲು ಬಿಡಿ. ಕೂಡಲೇ ನಡೆಸಿದರೆ ಮತ್ತೆ ಕುಸಿಯುತ್ತದೆ.

ಸಿಕ್ಕ ದನವನ್ನು ಕರೆತರಲು ಅದರ ಜೊತೆಗಾತಿಯನ್ನು ಕರೆದುಕೊಂಡು ಹೋಗಿ. ಒಂದು ಮುಷ್ಟಿ ಕಲ್ಲುಪ್ಪು, ಅಕ್ಕಿ ತೊಳೆದ ಅಕ್ಕಚ್ಚಿನ ಬಾಲ್ದಿ ಜೊತೆಗಿದ್ದರೆ ಹಗ್ಗವೇ ಬೇಡ. ದೂರದಿಂದ ವಾಹನದಲ್ಲಿ ತರುವುದಾದರೆ ಮೊದಲು ಪೊಲೀಸ್ ಠಾಣೆಗೂ ಪಶುವೈದ್ಯರಿಗೂ ತಿಳಿಸಿ ಕಾಗದ ಮಾಡಿಸಿಕೊಳ್ಳಿ. ರಾಜ್ಯದಲ್ಲಿ 2020ರ ಜಾನುವಾರು ಸಂರಕ್ಷಣಾ ಕಾಯ್ದೆ ಇರುವುದರಿಂದ ರಾತ್ರಿ ಹೊತ್ತು ಪಿಕಪ್ಪಿನಲ್ಲಿ ದನ ತರುತ್ತಿದ್ದರೆ ಅದು ನಿಮ್ಮದೇ ದನ ಎಂದು ರಸ್ತೆಯಲ್ಲಿ ನಿಂತು ಸಾಬೀತು ಮಾಡುವುದು ಸುಲಭವಲ್ಲ. ಕಿವಿಯ ಹಳದಿ ಬಿಲ್ಲೆಯ 12 ಅಂಕಿಯ ಸಂಖ್ಯೆಯೇ ಇಲ್ಲಿ ನಿಮ್ಮ ದಾಖಲೆ. ಆ ಸಂಖ್ಯೆಯನ್ನು ದನ ಇರುವಾಗಲೇ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ, ಎರಡೂ ಪಕ್ಕದ ಮತ್ತು ಕೋಡಿನ ಫೋಟೋ ತೆಗೆದಿಡಿ. ಕಂದು ಬಣ್ಣದ ಗಿಡ್ಡ ದನಗಳು ಫೋಟೋದಲ್ಲಿ ಒಂದರಂತೆ ಇನ್ನೊಂದು. ಕೋಡು ಮಾತ್ರ ಬೇರೆ ಬೇರೆ. ಕಟ್ಟಿದ ಹಗ್ಗ ಕೊಯ್ದಿದ್ದರೆ, ಬಾಗಿಲ ಚಿಲಕ ಮುರಿದಿದ್ದರೆ ಹುಡುಕುತ್ತ ಹೊತ್ತು ಕಳೆಯದೆ ರಾತ್ರಿಯೇ 112ಕ್ಕೆ ಫೋನ್ ಮಾಡಿ. ಅದು ಕಳವು.

ಸುದ್ದಿ ಮುಟ್ಟಿಸುವುದು

ವಾಟ್ಸಾಪ್ ಗುಂಪಿಗೆ ಹಾಕಿ ಕೂತರೆ ಆಗಲಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದಿನಾ ಬೆಳಿಗ್ಗೆ ಊರೂರು ತಿರುಗುವವರ ಕಣ್ಣು ಯಾವ ಗುಂಪಿಗಿಂತಲೂ ಚುರುಕು. ಕರಾವಳಿಯಲ್ಲಿ ಮೀನುಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸರು, ಘಟ್ಟದ ಮೇಲೆ ಕೊಯ್ಲಿನ ಕಾಲದಲ್ಲಿ ತೋಟದಿಂದ ತೋಟಕ್ಕೆ ಹೋಗುವ ಕೊನೆಗೌಡರು, ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಆರಿಸಲು ಬೆಟ್ಟ ಸುತ್ತುವವರು, ಹೆಸ್ಕಾಂ ಲೈನ್‌ಮನ್, ಅಂಚೆಯಣ್ಣ, ವಸ್ತಿ ಬಸ್ಸಿನ ಡ್ರೈವರ್ ಕಂಡಕ್ಟರ್. ಇವರ ಪೈಕಿ ಐದು ಜನರಿಗೆ ಬಾಯಲ್ಲಿ ಹೇಳಿ, ಫೋನ್ ನಂಬರ್ ಕೊಡಿ. ಹಾಲಿನ ಸೊಸೈಟಿಯಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಜನ ಸೇರುತ್ತಾರೆ, ಅಲ್ಲಿ ಒಂದು ಚೀಟಿ ಅಂಟಿಸಿ.

ಪೋಸ್ಟರಿನಲ್ಲಿ ಅಕ್ಷರ ಕಮ್ಮಿ ಇದ್ದಷ್ಟೂ ಒಳ್ಳೆಯದು. ಎ4 ಹಾಳೆಯ ಅರ್ಧದಷ್ಟು ಫೋಟೋ, ಇಡೀ ಮೈ ಕಾಣುವಂಥದ್ದು. ಮೇಲೆ ದೊಡ್ಡದಾಗಿ "ನಾಯಿ ಕಳೆದಿದೆ", ಕೆಳಗೆ ಅಷ್ಟೇ ದೊಡ್ಡದಾಗಿ ಫೋನ್ ನಂಬರ್. ಮಳೆಗಾಲದಲ್ಲಿ ಇಂಕ್‌ಜೆಟ್ ಮುದ್ರಣ ಒಂದೇ ರಾತ್ರಿಗೆ ಇಳಿದುಹೋಗುತ್ತದೆ, ಝೆರಾಕ್ಸ್ ಮಾಡಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕುವಾಗ ಕವರಿನ ಬಾಯಿ ಕೆಳಮುಖವಾಗಿರಲಿ. ಬಾಯಿ ಮೇಲಿದ್ದರೆ ನೀರು ತುಂಬಿ ಹಾಳೆ ಅಂಬಲಿಯಾಗುತ್ತದೆ. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಕಡೆ ಅಂಟಿಸುವುದಾದರೆ ಕನ್ನಡದ ಜೊತೆ ದೇವನಾಗರಿಯಲ್ಲೂ ಒಂದು ಸಾಲಿರಲಿ, ಗೋವಾ ಕಡೆಯ ವಾಹನದವರೂ ಓದಲಿ. ನೌಕಾನೆಲೆಯ ಬೇಲಿಯೊಳಗೆ ಹೊಕ್ಕಿದೆ ಎಂಬ ಅನುಮಾನವಿದ್ದರೆ ಗೇಟಿನಲ್ಲಿ ಕಾಗದ ಕೊಟ್ಟು ಬನ್ನಿ, ಕಾಂಪೌಂಡು ಇಣುಕುವ ಸಾಹಸ ಬೇಡ. ಹಳಿಯ ಬಳಿ ಕಂಡಿದೆ ಎಂದಾದರೆ ಶಿರವಾಡದಲ್ಲಿರುವ ಕಾರವಾರ ರೈಲು ನಿಲ್ದಾಣದಲ್ಲಿ ತಿಳಿಸಿ. ಹಳಿಯ ಮೇಲೆ, ಸುರಂಗದೊಳಗೆ ನೀವಾಗಿ ನಡೆಯಬೇಡಿ.

ವಾಟ್ಸಾಪಿಗೆ ಹಾಕುವ ಒಕ್ಕಣೆ ಹೀಗಿದ್ದರೆ ಸಾಕು: "ಕಪ್ಪು ಗಂಡುನಾಯಿ, ಎದೆ ಮೇಲೆ ಬಿಳಿ ಮಚ್ಚೆ, ಕೆಂಪು ಬೆಲ್ಟ್. ನವೆಂಬರ್ 1 ಸಂಜೆ 7ಕ್ಕೆ ಹುಲೇಕಲ್ ರಸ್ತೆ ಕಡೆ ಓಡಿದೆ. ಹೆದರುತ್ತದೆ, ಹಿಡಿಯಬೇಡಿ, ಅಟ್ಟಬೇಡಿ. ಕಂಡರೆ ಫೋಟೋ ತೆಗೆದು ಕೂಡಲೇ ಫೋನ್ ಮಾಡಿ." ತಾರೀಖಿನ ಜೊತೆ ಇಸವಿಯೂ ಇರಲಿ, ಇಲ್ಲವಾದರೆ ನಾಯಿ ಮನೆಗೆ ಬಂದು ಮುದಿಯಾದ ಮೇಲೂ ಫೋನ್ ಬರುತ್ತಿರುತ್ತದೆ. ಒಂದು ಗುರುತನ್ನು ಮಾತ್ರ ಬರೆಯದೆ ಉಳಿಸಿಕೊಳ್ಳಿ, ತೊಡೆಯ ಒಳಗಿನ ಹಳೆ ಗಾಯವೋ ನಾಲಿಗೆಯ ಮೇಲಿನ ಕಪ್ಪು ಮಚ್ಚೆಯೋ. "ನಿಮ್ಮ ನಾಯಿ ನಮ್ಮ ಹತ್ತಿರ ಇದೆ, ಮೊದಲು ಪೆಟ್ರೋಲಿಗೆ ಹಣ ಹಾಕಿ" ಎಂದು ಫೋನ್ ಮಾಡುವವರಿಗೆ ಆ ಗುರುತು ಕೇಳಿ, ಈಗಲೇ ವಿಡಿಯೋ ಕರೆಯಲ್ಲಿ ತೋರಿಸಿ ಎನ್ನಿ.

ಬೆಟ್ಟ ಹೊಗುವವರಿಗೆ

ಕತ್ತಲಾದ ಮೇಲೆ ಬೆಟ್ಟ ಬೇಡ. ಹಗಲಲ್ಲೂ ಇಬ್ಬರಿಗೆ ಕಮ್ಮಿ ಹೋಗಬೇಡಿ, ಎಷ್ಟು ಹೊತ್ತಿಗೆ ಯಾವ ಕಡೆ ಇಳಿಯುತ್ತೀರೆಂದು ಮನೆಯಲ್ಲಿ ಹೇಳಿ ಹೋಗಿ. ಯಲ್ಲಾಪುರ, ಜೋಯಿಡಾ ಕಡೆ ಕರಡಿ, ಕಾಡುಕೋಣಗಳಿವೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ರೇಂಜ್ ಆಫೀಸಿನಲ್ಲಿ ಹೇಳದೆ ಕಾಲಿಡುವಂತಿಲ್ಲ. ಕಾಗೆಗಳು ಒಂದೇ ಕಡೆ ಸೇರಿ ಕೂಗುತ್ತಿದ್ದರೆ ಅಲ್ಲಿಗೆ ಹೋಗಿ ನೋಡಿ. ಮಂಗಗಳು ಮರದ ತುದಿಯಲ್ಲಿ ಕೂತು ಕೆಳಗೆ ನೋಡುತ್ತ ಗದರುತ್ತಿದ್ದರೆ ಹೋಗಬೇಡಿ.

ಡಿಸೆಂಬರಿನಿಂದ ಮೇವರೆಗೆ ಹುಡುಕಲು ಹೋಗುವವರು ಉಣುಗಿನ (ಉಣ್ಣೆ ಹುಳದ) ವಿಷಯ ಮರೆಯುವಂತಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರದ ಕಾಡುಗಳಲ್ಲೂ ಜನರನ್ನು ಬಲಿ ತೆಗೆದುಕೊಂಡಿದೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ ಹೋಗಿ. ದರಕಿನ ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪಿನಲ್ಲಿ ಮೈ ತಿಕ್ಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮುಂದಿನ ವಾರ ಹತ್ತು ದಿನದಲ್ಲಿ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಯಾರದೋ ಪ್ರಾಣಿ ನಿಮ್ಮ ಅಂಗಳಕ್ಕೆ ಬಂದರೆ

ಮೊದಲು ನೀರು. ಹಸಿದದ್ದಕ್ಕೆ ಒಮ್ಮೆಗೇ ತಟ್ಟೆ ತುಂಬ ಹಾಕಬೇಡಿ, ಒಂದು ಹಿಡಿ ಅನ್ನ, ತಾಸಿನ ನಂತರ ಇನ್ನೊಂದು ಹಿಡಿ. ನಾಯಿಯ ಕಿವಿಯ ತುದಿ ಕತ್ತರಿಸಿದಂತಿದ್ದರೆ ಅದು ಸಂತಾನಹರಣ ಚಿಕಿತ್ಸೆ ಮಾಡಿ ಬಿಟ್ಟ ಬೀದಿನಾಯಿ. ಅದು ದಾರಿ ತಪ್ಪಿಲ್ಲ, ನೀವು ಕಾರಿನಲ್ಲಿ ಒಯ್ದು ಬೇರೆಡೆ ಬಿಟ್ಟರೆ ಆಗ ತಪ್ಪುತ್ತದೆ. ಕೊರಳಪಟ್ಟಿಯ ಗುರುತು, ಸವೆದ ರೋಮ, ಕತ್ತರಿಸಿದ ಉಗುರು ಇದ್ದರೆ ಸಾಕಿದ್ದು. ಪಶು ಆಸ್ಪತ್ರೆಯಲ್ಲಿ ಸ್ಕ್ಯಾನರ್ ಇದ್ದರೆ ಭುಜದ ನಡುವಿನ ಮೈಕ್ರೋಚಿಪ್ ನೋಡಲು ಹೇಳಿ, 15 ಅಂಕಿಯ ಸಂಖ್ಯೆ ಬರುತ್ತದೆ. ಚಿಪ್ಪಿನಿಂದ ನಾಯಿ ಎಲ್ಲಿದೆ ಎಂದು ತಿಳಿಯುವುದಿಲ್ಲ, ಯಾರದು ಎಂದಷ್ಟೇ ತಿಳಿಯುತ್ತದೆ. ನಿಮ್ಮ ನಾಯಿಗಳ ಜೊತೆ ಸೇರಿಸದೆ ಬೇರೆ ಕಟ್ಟಿಡಿ. ಕಚ್ಚಿದರೆ, ಪರಚಿದರೂ, 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಕಾಡುಪ್ರಾಣಿಯ ಮರಿಯಾದರೆ ಮುಟ್ಟಬೇಡಿ, ತಾಯಿ ಹತ್ತಿರದಲ್ಲೇ ಇರುತ್ತದೆ. ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ.

ಬಂದ ಮೇಲೆ

ಮೊದಲ ದಿನ ಸ್ನಾನ, ಔತಣ ಬೇಡ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣುಗು ನೋಡಿ. ಕೈಗವಸು ಹಾಕಿ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಬೆಂಕಿಕಡ್ಡಿ, ಸೀಮೆಎಣ್ಣೆ ಪ್ರಯೋಗ ಬೇಡ. ಕಡಿಸಿಕೊಂಡ ಗಾಯವಿದ್ದರೆ ಲಸಿಕೆ ಹಿಂದೆಯೇ ಹಾಕಿಸಿದ್ದರೂ ಪಶುವೈದ್ಯರಿಗೆ ತೋರಿಸಿ. ಒಮ್ಮೆ ಹೆದರಿ ಓಡಿದ ನಾಯಿಯನ್ನು ಎರಡು ವಾರ ಹಗ್ಗ ಬಿಟ್ಟು ಹೊರಗೆ ಒಯ್ಯಬೇಡಿ. ಮನೆ ಬದಲಿಸಿ ತಂದ ಬೆಕ್ಕನ್ನೂ ಅಷ್ಟೇ ದಿನ ಒಳಗೇ ಇಟ್ಟುಕೊಳ್ಳಿ.

ಕೊರಳಿಗೆ ಜಿಪಿಎಸ್ ಕಟ್ಟಬೇಕೆನ್ನುವವರು ಮೊದಲು ತಮ್ಮ ಮನೆಯ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇದೆಯೇ ನೋಡಿಕೊಳ್ಳಲಿ. ಅದು ಜಾಗವನ್ನು ಕಂಡುಹಿಡಿದರೂ ನಿಮ್ಮ ಫೋನಿಗೆ ತಿಳಿಸಲು ನೆಟ್‌ವರ್ಕ್ ಬೇಕು, ಅದು ಬೆಟ್ಟದಾಚೆ ಸಿಗುವುದಿಲ್ಲ. ದನಕ್ಕೆ ಮರದ ಗಂಟೆ, ರಸ್ತೆಗೆ ಹೋಗುವ ದನವಾದರೆ ಹೊಳೆಯುವ ಪಟ್ಟಿ. ನಾಯಿಗೆ ಫೋನ್ ನಂಬರ್ ಕೊರೆದ ಸ್ಟೀಲ್ ಬಿಲ್ಲೆ. ಬೆಲ್ಟಿನ ಮೇಲೆ ಮಾರ್ಕರಿನಲ್ಲಿ ಬರೆದದ್ದು ಆಷಾಢ ಕಳೆಯುವಷ್ಟರಲ್ಲಿ ಅಳಿಸಿರುತ್ತದೆ. ಕೊರಳಪಟ್ಟಿಯ ಅಡಿ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ, ಬೆಕ್ಕಿಗಾದರೆ ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿಯೇ ಇರಲಿ. ಅಂಟಿಸಿದ ಪೋಸ್ಟರುಗಳನ್ನೆಲ್ಲ ಆ ವಾರವೇ ಹೋಗಿ ಕಿತ್ತು, ಫೋನ್ ಮಾಡಿ ಸುಳಿವು ಕೊಟ್ಟವರಿಗೆಲ್ಲ ಸಿಕ್ಕಿತೆಂದು ತಿಳಿಸಿ, ಹಾಲಿನ ಸೊಸೈಟಿಯ ಚೀಟಿಯನ್ನೂ ತೆಗೆಯಿರಿ.